ಟೆಂಪೊ ಕುಡಿದ ನೀರು

ಟೆಂಪೊದ ಇಂಜಿನ್ನಿಗೆ ನೀರು ಹೋದದ್ದು ನನ್ನ ಮೀನಿನ ಬುಟ್ಟಿಯಿಂದ ಅಲ್ಲ. ನನ್ನ ಮಗ ಇಟ್ಟ ಐಸಿನಿಂದ. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಎರಡೂವರೆ ತಿಂಗಳು ತಪ್ಪನ್ನು ನನ್ನ ತಲೆಗೆ ಕಟ್ಟಿ ಸುಮ್ಮನಿದ್ದ. ನಡೆದದ್ದು ಇಷ್ಟೇ. ಹೇಗೆ ನಡೆಯಿತು ಎನ್ನುವುದನ್ನು ಬರೆಯುತ್ತೇನೆ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಇಂಜಿನ್ನಿನ ವಿಷಯ ನನಗೆ ಯಾರೂ ಕಲಿಸಿರಲಿಲ್ಲ. ಮೀನಿನ ವಿಷಯ ಗೊತ್ತು. ಮದುವೆಯಾಗಿ ಬೀಜಾಡಿಗೆ ಬಂದ ವರ್ಷದಿಂದ ಮೀನು ಮಾರುತ್ತಿದ್ದೇನೆ. ಮೊದಲು ತಲೆಯ ಮೇಲೆ ಬುಟ್ಟಿ, ಆಮೇಲೆ ಕಂಡಕ್ಟರನ ಬೈಗುಳ ತಿಂದುಕೊಂಡು ಬಸ್ಸಿನ ಹಿಂದಿನ ಸೀಟಿನ ಹತ್ತಿರ, ಈಗ ಕೆಲವು ವರ್ಷಗಳಿಂದ ಮಗನ ಟೆಂಪೊದಲ್ಲಿ. ಮೊಣಕಾಲು ಹೋದ ಮೇಲೆ ತಲೆಹೊರೆ ಆಗುವುದಿಲ್ಲ. ಟೆಂಪೊ ಇಲ್ಲದಿದ್ದರೆ ನನಗೆ ಮಾರಾಟವೂ ಇಲ್ಲ.

ಟೆಂಪೊ ಬೆಳಗ್ಗೆ ಮನೆಯಿಂದ ಹೊರಟರೆ ಕೋಟೇಶ್ವರದಲ್ಲಿ ಮೀನು ಮಾರುವ ಕುಂಭಾಶಿಯ ಇಬ್ಬರು ಹತ್ತುತ್ತಾರೆ, ನನಗೆ ನೆಂಟರಲ್ಲ, ಅವರವರೊಳಗೆ ಅತ್ತಿಗೆ ಮತ್ತು ನಾದಿನಿ. ಗಂಗೊಳ್ಳಿ ಬಂದರಿನಲ್ಲಿ ಮೀನು ತೆಗೆದುಕೊಂಡು ಹೆಮ್ಮಾಡಿಯಲ್ಲಿ ಒಳಗೆ ತಿರುಗುತ್ತೇವೆ. ವಂಡ್ಸೆಯಲ್ಲಿ ನಾದಿನಿ ಇಳಿಯುತ್ತಾಳೆ, ಚಿತ್ತೂರಿನಲ್ಲಿ ಅತ್ತಿಗೆ. ಕಡೆಗೆ ಉಳಿಯುವುದು ಕೆರಾಡಿ, ಅದು ನನ್ನದು. ಕಾಡಿನ ಅಂಚಿಗೆ ಒಂದೊಂದು ಮನೆ, ಒಂದು ಮನೆಯಿಂದ ಇನ್ನೊಂದು ಕಾಣುವುದಿಲ್ಲ. ಯಾವ ಮನೆಯ ಮುದುಕನಿಗೆ ಮುಳ್ಳಿಲ್ಲದ ಕಾಣೆ ಮೀನು ಬೇಕು, ಯಾವ ಬಾಣಂತಿಗೆ ನಂಗು ಮೀನು ಕೊಡಬೇಕು, ಶನಿವಾರ ಯಾರು ತಿನ್ನುವುದಿಲ್ಲ, ಎಲ್ಲ ನನಗೆ ಬಾಯಿಪಾಠ. ನನ್ನ ಮೀನನ್ನು ನಾನು ಹಿಂದಿನ ದೊಡ್ಡ ಪೆಟ್ಟಿಗೆಯಲ್ಲಿ ಬಂಗುಡೆ ಕ್ರೇಟುಗಳ ಅಡಿಗೆ ಹಾಕುತ್ತಿರಲಿಲ್ಲ. ಬೇರೆ ಬುಟ್ಟಿಯಲ್ಲಿ ಐಸು, ಅದರ ಮೇಲೆ ಒದ್ದೆ ಗೋಣಿ, ಅದರ ಮೇಲೆ ಒಂದೊಂದೇ ಮೀನು ಮಲಗಿಸಿ, ಕ್ಯಾಬಿನ್ನಿನಲ್ಲಿ ನನ್ನ ಕಾಲಿನ ಹತ್ತಿರ ಇಟ್ಟುಕೊಳ್ಳುತ್ತಿದ್ದೆ. ಅತ್ತಿಗೆ ಅದಕ್ಕೆ ಹೆಸರಿಟ್ಟಿದ್ದಳು, ರಾಣಿಮೀನು ಅಂತ. ರಾಣಿಗೆ ಮುಂದಿನ ಸೀಟೇ ಆಗಬೇಕು ಎಂದು ದಿನಾ ಒಮ್ಮೆ ಕುಟುಕುತ್ತಿದ್ದಳು.

ಆ ಟೆಂಪೊ ಮುಂದೆ ಮೂತಿ ಇಲ್ಲದ ಗಾಡಿ. ಇಂಜಿನ್ನು ಸೀಟಿನ ಅಡಿಯಲ್ಲೇ ಇದೆ. ಬುಟ್ಟಿಯಿಂದ ನೀರು ಜಿನುಗುತ್ತಿತ್ತು, ಸುಳ್ಳಲ್ಲ. ನನ್ನ ಕಾಲಡಿಯ ತಗಡು ತುಕ್ಕು ಹಿಡಿದು ಎರಡು ಕಡೆ ತೂತಾಗಿತ್ತು, ಅದೂ ಸುಳ್ಳಲ್ಲ.

ಕಳೆದ ಬೇಸಿಗೆಯಲ್ಲಿ ಏರು ಹತ್ತುವಾಗ ಗಾಡಿ ಎಳೆಯುವುದಿಲ್ಲ ಎಂದು ಮಗ ಗೊಣಗುತ್ತಿದ್ದ. ಅದೇ ದಿನಗಳಲ್ಲಿ ನನ್ನ ಹತ್ತಿರ ಬೆಳಗ್ಗೆ ಒಂದಿಷ್ಟು ಐಸು, ಒಂದು ಹಳೆಯ ಗೋಣಿ ಕೇಳತೊಡಗಿದ. ಎಂತಕ್ಕೆ ಎಂದು ಕೇಳಿದರೆ ಬಾಟಲಿ ನೀರು ತಣ್ಣಗಿರಲು ಅಂದ. ಕೊಟ್ಟೆ. ಮಗ ನೀರು ಕೇಳಿದರೆ ಯಾವ ತಾಯಿ ಎರಡನೇ ಪ್ರಶ್ನೆ ಕೇಳುತ್ತಾಳೆ?

ಮಳೆಗಾಲದಲ್ಲಿ ಬೋಟುಗಳು ಕಡಲಿಗೆ ಇಳಿಯದ ಎರಡು ತಿಂಗಳು ಟೆಂಪೊ ಅಂಗಳದಲ್ಲಿ ನಿಂತಿತು. ಬಂದರು ತೆರೆದ ಮೇಲೂ ಮಗ ಐಸು ಕೇಳುವುದು ಬಿಡಲಿಲ್ಲ. ಆಗಸ್ಟಿನ ಕೊನೆಗೆ, ಸೋಣೆ ತಿಂಗಳ ಮಳೆಯಲ್ಲಿ, ತೊಂದರೆ ಶುರುವಾಯಿತು. ಸಪಾಟು ರಸ್ತೆಯಲ್ಲಿ ಸರಿಯಾಗಿಯೇ ಹೋಗುತ್ತಿತ್ತು. ಏರು ಬಂದು ಮಗ ಕಾಲು ಒತ್ತಿದ ಕೂಡಲೇ ಗಾಡಿ ಕೆಮ್ಮಿದ ಹಾಗೆ ಎರಡು ಸಲ ಜಗ್ಗುವುದು, ಹಿಂದೆ ಬಿಳಿ ಹೊಗೆ ಬಿಡುವುದು, ನಿಲ್ಲುವುದು. ಒಂದು ವಾರದಲ್ಲಿ ಮೂರು ಸಲ ಹಾಗಾಯಿತು. ಮೂರನೇ ಸಲ ವಂಡ್ಸೆ ಮುಟ್ಟುವ ಮೊದಲು ನಿಂತಿತು. ಮಳೆ ಹೊಯ್ಯುತ್ತಿತ್ತು. ಐಸು ಕರಗಿ ನಾದಿನಿಯ ಬಂಗುಡೆಯ ಹೊಟ್ಟೆ ಒಡೆಯತೊಡಗಿತು.

ಮಗ ಗಾಡಿಯಡಿಗೆ ನುಗ್ಗಿ ಒಂದು ದಪ್ಪ ರಬ್ಬರ್ ಪೈಪು ಸಡಿಲಿಸಿದ. ಅದರಿಂದ ಚೊಂಬು ತುಂಬುವಷ್ಟು ನೀರು ರಸ್ತೆಗೆ ಸುರಿಯಿತು. ನಾವು ಮೂವರೂ ಕೊಡೆ ಹಿಡಿದು ನೋಡಿದೆವು. ಮೊದಲು ಬಾಯಿ ತೆರೆದದ್ದು ಅತ್ತಿಗೆ.

“ಹ್ವಾಯ್, ಇದೆಂತ, ನಿನ್ ಟೆಂಪೊಗೆ ಸಕ್ಕರೆ ಕಾಯಿಲೆಯಾ? ಏರ್ ಕಂಡಲ್ಲೆಲ್ಲ ಉಚ್ಚಿ ಹೊಯ್ಕಂತ್ ನಿಂತ್ಕಂತಲೆ.”

ನಾದಿನಿ ನಗಲಿಲ್ಲ. ಇನ್ನೊಂದು ಸಲ ಹೀಗಾದರೆ ಬೇರೆ ಗಾಡಿ ನೋಡಿಕೊಳ್ಳುತ್ತೇವೆ ಎಂದು ಅವಳು ಮಗನಿಗೆ ಹೇಳಿದಳು. ಅವರಿಬ್ಬರ ಕ್ರೇಟುಗಳಿಲ್ಲದೆ ಟೆಂಪೊ ಗಂಗೊಳ್ಳಿಗೆ ಹೋಗಿ ಬರುವುದಕ್ಕೆ ಅರ್ಥವೇ ಇಲ್ಲ. ಮಗನ ಮುಖ ಸಣ್ಣದಾಯಿತು.

ಮರುದಿನ ಅವನು ಗಾಡಿಯನ್ನು ಬ್ರಹ್ಮಾವರದ ಮೆಕ್ಯಾನಿಕ್ ಹತ್ತಿರ ಒಯ್ದ. ಸಂಜೆ ಬಂದು ಸರಿಯಾಯಿತು ಎಂದಷ್ಟೇ ಹೇಳಿ ಊಟ ಮಾಡಿದ. ಅದರ ಮರುದಿನ ಬಂದರಿನಲ್ಲಿ, ನಾನು ಬುಟ್ಟಿ ಎತ್ತಿ ಕ್ಯಾಬಿನ್ನಿಗೆ ಇಡಬೇಕು ಎನ್ನುವಾಗ, ಆ ಇಬ್ಬರ ಎದುರಿಗೇ ಹೇಳಿದ.

“ಅಬ್ಬಿ, ಬುಟ್ಟಿ ಇಡ್ಬ್ಯಾಡ. ನಿನ್ ಬುಟ್ಟಿ ನೀರ್ ಸೀಟಿನಡಿಗ್ ಇಳ್ದ್ ಪೈಪಿಗ್ ಹೋತಿತ್ತಂಬ್ರ್. ಮೆಕ್ಯಾನಿಕ್ ಹೇಳ್ದ.”

ನಾನು ತಗಡಿನ ತೂತು ನೋಡಿದೆ. ಕೆಳಗೆ ಇಂಜಿನ್ನು. ಮೇಲೆ ನನ್ನ ಬುಟ್ಟಿ. ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಒಡೆದು ಹೋದ ಆ ಬಂಗುಡೆಗಳು ಕಣ್ಣೆದುರು ಬಂದವು. ನಾನು ಆ ಇಬ್ಬರಿಗೂ ಕೈ ಮುಗಿದೆ. ತಪ್ಪಾಯಿತು, ನನಗೆ ಗೊತ್ತಾಗಲಿಲ್ಲ, ನಿಮ್ಮ ಮೀನು ಕೆಟ್ಟದ್ದಕ್ಕೆ ನಾನೇ ಕಾರಣ ಎಂದೆ. ನನಗಿಂತ ಹತ್ತು ಹದಿನೈದು ವರ್ಷ ಸಣ್ಣವರು ಅವರು. ಅತ್ತಿಗೆ ನನ್ನ ಕೈ ಹಿಡಿದು ಕೆಳಗಿಳಿಸಿ, ಇರಲಿ ಅಕ್ಕ, ಗೊತ್ತಿದ್ದು ಮಾಡಿದ್ದಲ್ಲವಲ್ಲ ಅಂದಳು. ಆ ಹೊತ್ತಿಗೆ ನನ್ನ ಮಗ ಏನು ಮಾಡುತ್ತಿದ್ದ ಎಂದು ನನಗೆ ಚೆನ್ನಾಗಿ ನೆನಪಿದೆ. ಟಯರಿಗೆ ಕಾಲಿನಿಂದ ಒದ್ದು ಗಾಳಿ ಇದೆಯೇ ಎಂದು ನೋಡುತ್ತಿದ್ದ.

ಬುಟ್ಟಿಯನ್ನು ಹಿಂದೆ ಇಡುತ್ತೇನೆ ಎಂದೆ. ಹಿಂದೆ ಅವರ ಕ್ರೇಟಿಗೇ ಜಾಗ ಸಾಲುವುದಿಲ್ಲ ಅಂದ. ಸ್ವಲ್ಪ ದಿನ ಮನೆಯ ಹತ್ತಿರವೇ ಮಾರು, ಕೆರಾಡಿಗೆ ಅತ್ತಿಗೆಯೇ ಹೋಗಿ ಬರುತ್ತಾಳೆ ಅಂದ. ಆಗಲಿ ಎಂದೆ. ತಪ್ಪು ಮಾಡಿದವಳು ಮತ್ತೇನು ಹೇಳುವುದು?

ನಾನು ಇಳಿದ ಮೇಲೆ ಟೆಂಪೊ ಒಂದು ದಿನವೂ ಕೆಮ್ಮಲಿಲ್ಲ. ಅದೇ ಏರು, ಅದೇ ಮಳೆ, ಏನೂ ಆಗಲಿಲ್ಲ. ನನ್ನದೇ ತಪ್ಪು ಎನ್ನುವುದು ಹೀಗೆ ದಿನದಿನವೂ ಗಟ್ಟಿಯಾಯಿತು. ಮಗ ಐಸು ಕೇಳುವುದನ್ನು ಬಿಟ್ಟದ್ದು ನನ್ನ ಗಮನಕ್ಕೆ ಬಂದಿತ್ತು. ಮಳೆಗಾಲ ಅಲ್ಲವೇ, ತಣ್ಣೀರು ಯಾರಿಗೆ ಬೇಕು ಎಂದುಕೊಂಡೆ.

ಕುಂಭಾಶಿಯಲ್ಲಿ ಹೆದ್ದಾರಿಯ ಬದಿಗೆ ಪ್ಲಾಸ್ಟಿಕ್ ಹಾಸಿ ಕೂತೆ. ಅಲ್ಲಿ ಕಾರು ನಿಲ್ಲಿಸುವವರೆಲ್ಲ ಆನೆಗುಡ್ಡೆ ದೇವರನ್ನು ನೋಡಲು ಬಂದವರು. ಮಿಂದು ಮಡಿಯುಟ್ಟು ಬಂದವರು ಮೀನು ಕೊಳ್ಳುತ್ತಾರೆಯೇ? ಮೂಗು ಮುಚ್ಚಿಕೊಂಡು ದಾಟುತ್ತಿದ್ದರು. ಉಳಿದ ಮೀನನ್ನು ಉಪ್ಪು ಹಾಕಿ ಒಣಗಿಸೋಣ ಎಂದರೆ ಬಿಸಿಲಿಲ್ಲ. ಕೆರಾಡಿಯ ಮುದುಕ ಕಾಣೆ ತಿಂದನೋ ಇಲ್ಲವೋ ಎಂದು ಅಲ್ಲಿ ಕೂತು ಯೋಚಿಸುತ್ತಿದ್ದೆ. ಅತ್ತಿಗೆ ಕಾಣೆ ಒಯ್ಯುವುದಿಲ್ಲ ಎಂದು ನನಗೆ ಗೊತ್ತು. ಅವಳು ಎಲ್ಲರಿಗೂ ಬಂಗುಡೆಯನ್ನೇ ತಿನ್ನಿಸುವವಳು.

ಬೈಂದೂರಿನಲ್ಲಿ ಮಗಳ ಮನೆಗೆ ಹೋದಾಗ ಒಂದು ಅಂಗಡಿಯಲ್ಲಿ ಮುಚ್ಚಳಕ್ಕೆ ಸುತ್ತಲೂ ರಬ್ಬರ್ ಪಟ್ಟಿ ಇರುವ ಐಸ್ ಪೆಟ್ಟಿಗೆ ಕಂಡಿತು. ತೆಗೆದುಕೊಂಡು ಬಂದೆ. ನೀರು ತುಂಬಿ, ಮುಚ್ಚಳ ಒತ್ತಿ, ಹಳೆಯ ಪೇಪರಿನ ಮೇಲೆ ಮಗುಚಿ ಹಾಕಿ ಒಂದು ಹಗಲು ಬಿಟ್ಟೆ. ಪೇಪರು ಒದ್ದೆಯಾಗಲಿಲ್ಲ. ಇದನ್ನು ಮಗನಿಗೆ ತೋರಿಸಿದರೆ ನೋಡೋಣ ನೋಡೋಣ ಎನ್ನುತ್ತಾನೆ. ಇಂಜಿನ್ನಿಗೆ ನೀರು ಹೋಗುತ್ತದೆ ಎಂದು ಹೇಳಿದವನೇ ಇನ್ನು ಹೋಗುವುದಿಲ್ಲ ಎಂದು ಹೇಳಲಿ ಎಂದುಕೊಂಡು ಪೆಟ್ಟಿಗೆ ಹಿಡಿದು ಬ್ರಹ್ಮಾವರದ ಬಸ್ಸು ಹತ್ತಿದೆ. ಮೆಕ್ಯಾನಿಕ್ ಹೂಂ ಅಂದರೆ ಕೆರಾಡಿ ನನಗೆ ವಾಪಸು. ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

ಮೆಕ್ಯಾನಿಕ್ ನಡುಪ್ರಾಯದವನು. ನಾನು ಮೀನು ಮಾರಲು ಬಂದವಳು ಎಂದುಕೊಂಡು, ಇವತ್ತು ಸೋಮವಾರ, ಬೇಡ ಅಂದ. ನಾನು ಪೆಟ್ಟಿಗೆಯನ್ನು ಅವನ ಮೇಜಿನ ಮೇಲೆ ಇಟ್ಟು ಯಾರ ತಾಯಿ ಎಂದು ಹೇಳಿದೆ. ಇದು ಒಂದು ಹನಿಯೂ ಸೋರುವುದಿಲ್ಲ, ಇನ್ನು ನನ್ನ ಮೀನಿನಿಂದ ಪೈಪಿಗೆ ನೀರಿಳಿಯುವುದಿಲ್ಲ, ನೀನು ನನ್ನ ಮಗನಿಗೆ ಒಂದು ಫೋನು ಮಾಡಿ ಹೇಳು ಎಂದೆ. ಅವನು ಪೆಟ್ಟಿಗೆಯನ್ನೂ ನೋಡಿದ, ನನ್ನನ್ನೂ ನೋಡಿದ.

“ಮೀನಿನ್ ನೀರ್ ಆ ಪೈಪಿನೊಳ್ಗ್ ಹೋಪುಕೆ ದಾರಿಯೇ ಇಲ್ಲ ಅಮ್ಮ. ಅದ್ ಮುಚ್ಚಿದ್ ಪೈಪ್.”

ಪಕ್ಕದಲ್ಲಿ ನಮ್ಮದರ ಹಾಗೆಯೇ ಒಂದು ಟೆಂಪೊ ಕ್ಯಾಬಿನ್ ಎತ್ತಿಕೊಂಡು ನಿಂತಿತ್ತು. ಅವನು ನನ್ನನ್ನು ಕರೆದು ತೋರಿಸಿದ. ಇಂಜಿನ್ನಿನ ಹೊಗೆಯ ಬಲದಿಂದ ತಿರುಗುವ ಒಂದು ಚಕ್ರ ಗಾಳಿಯನ್ನು ಒತ್ತಿ ಒಳಗೆ ನೂಕುತ್ತದೆ, ಅದಕ್ಕೆ ಟರ್ಬೊ ಎನ್ನುತ್ತಾರೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಅದನ್ನು ಆರಿಸಲು ಗಾಡಿಯ ಮುಖದ ಜಾಲರಿಯ ಹಿಂದೆ ಒಂದು ಕೂಲರ್ ಇಟ್ಟಿರುತ್ತಾರೆ. ಅಲ್ಲಿ ತಣಿದ ಗಾಳಿ ಈ ದಪ್ಪ ಪೈಪಿನಲ್ಲಿ ಇಂಜಿನ್ನಿಗೆ ಹೋಗುತ್ತದೆ. ಹೀಗೆ ಹೇಳುತ್ತಲೇ ಕೆಳಗಿನ ಪೈಪು ಸಡಿಲಿಸಿ ಒಂದು ಡಬ್ಬಿಯ ಮುಚ್ಚಳ ಹಿಡಿದ. ನಾಲ್ಕು ಚಮಚದಷ್ಟು ನೀರು ಬಿತ್ತು.

ನಾನು ಬೆರಳು ಅದ್ದಿ ಮೂಸಿದೆ. ನಾಲಗೆಗೆ ಮುಟ್ಟಿಸಿದೆ. ಅವನು ಬೇಡ ಬೇಡ ಎನ್ನುತ್ತಿದ್ದ. ಎಣ್ಣೆಯ ವಾಸನೆ ಇತ್ತು, ಉಪ್ಪಿರಲಿಲ್ಲ. ಮೀನಿನ ನೀರಾದರೆ ಅರ್ಧ ಹನಿಯಲ್ಲೂ ನನ್ನ ನಾಲಗೆಗೆ ಗೊತ್ತಾಗುತ್ತದೆ. ಇದು ಸಪ್ಪೆ. ಈ ಗಾಡಿ ಏನು ಸಾಗಿಸುತ್ತದೆ ಎಂದು ಕೇಳಿದೆ. ಹಂಚು ಅಂದ.

ಹಂಚಿನ ಗಾಡಿಯಲ್ಲಿ ಮೀನಿನ ಬುಟ್ಟಿ ಯಾರೂ ಇಟ್ಟಿರಲಿಲ್ಲ. ಹಾಗಾದರೆ ನೀರು ಎಲ್ಲಿಂದ ಎಂದು ಕೇಳಿದೆ. ಗಾಳಿಯಿಂದ ಅಂದ. ಫ್ರಿಜ್ಜಿನಿಂದ ತೆಗೆದಿಟ್ಟ ಬಾಟಲಿಯ ಹೊರಮೈ ಬೆವರುತ್ತದಲ್ಲ, ಅದೇ ಇದು. ನಮ್ಮ ಕಡಲ ಬದಿಯ ಗಾಳಿಯಲ್ಲಿ ನೀರಿನ ಪಸೆ ಜಾಸ್ತಿ. ಒತ್ತಿದ ಗಾಳಿ ತಣಿಯುವಾಗ ಆ ಪಸೆ ಪೈಪಿನ ಒಳಗೇ ಇಳಿಯುತ್ತದೆ. ಮಳೆಗಾಲದಲ್ಲಿ ಎಲ್ಲ ಟರ್ಬೊ ಗಾಡಿಗೂ ಇಷ್ಟು ಬರುತ್ತದೆ, ಆಗಾಗ ಬಿಚ್ಚಿ ಚೆಲ್ಲಿದರೆ ಆಯಿತು ಅಂದ. ಆಮೇಲೆ ಮುಚ್ಚಳದ ನೀರನ್ನು ಹೊರಗೆ ಎರಚಿ, ಹಗುರವಾಗಿ, ನನಗೂ ಗೊತ್ತೇ ಇದೆ ಎನ್ನುವ ಹಾಗೆ ಹೇಳಿದ.

“ನಿಮ್ ಮಗಂದ್ ಗಾಡಿಯಗೆ ಒಂದ್ ಚೊಂಬ್ ನೀರಿತ್ತ್. ಅಂವ ಕೂಲರಿಗೆ ಐಸಿನ್ ಗೋಣಿ ಕಟ್ಟಿ ಇಟ್ಟಿದ್ನಲೆ. ಅಷ್ಟ್ ತಣ್ಣಗ್ ಮಾಡ್ರೆ ನೀರ್ ಇಳಿದೇ ಇರತ್ತಾ? ಸೋಣೆಯಗೆ ನಾನೇ ಗೋಣಿ ಎಳ್ದ್ ಹೊರಗ್ ಹಾಕಿ ಬೈದಿದ್ದೆ.”

ಏರಿನಲ್ಲಿ ಕಾಲು ಒತ್ತಿದಾಗ ತಳದಲ್ಲಿ ನಿಂತ ನೀರು ಒಮ್ಮೆಲೇ ಇಂಜಿನ್ನಿಗೆ ನುಗ್ಗುತ್ತಿತ್ತಂತೆ. ಇನ್ನು ನಾಲ್ಕು ದಿನ ಬಿಟ್ಟಿದ್ದರೆ ಒಳಗಿನ ಕಬ್ಬಿಣದ ರಾಡೇ ಬಗ್ಗಿ ಇಂಜಿನ್ನು ಕೈಬಿಡುತ್ತಿತ್ತಂತೆ. ಅವನು ಕೂಲರ್ ತೊಳೆದು ಒಣಗಿಸಿ, ಪೈಪು ಒರೆಸಿ ಕೊಟ್ಟದ್ದು ಅಷ್ಟೇ. ನಾನು ಒಂದೇ ಮಾತು ಕೇಳಿದೆ, ಬುಟ್ಟಿಯ ವಿಷಯ ಮಗ ನಿನ್ನ ಹತ್ತಿರ ಎತ್ತಿದ್ದನೇ ಎಂದು. ಇಲ್ಲ ಅಂದ. ಈಗ ಅವನಿಗೂ ಏನೋ ಹೊಳೆದಿರಬೇಕು. ಚಾ ತರಿಸಿಕೊಟ್ಟು ನನ್ನ ಮುಖ ನೋಡದೆ ಸ್ಪ್ಯಾನರು ಹುಡುಕತೊಡಗಿದ. ಚಾಕ್ಕೆ ಸಕ್ಕರೆ ಜಾಸ್ತಿ ಇತ್ತು. ಪೂರ್ತಿ ಕುಡಿದೆ.

ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಸಾಲಿಗ್ರಾಮ ದಾಟುವವರೆಗೆ ಮಗನ ಪರವಾಗಿಯೇ ಯೋಚಿಸಿದೆ. ಐಸು ಇಟ್ಟದ್ದು ಮೋಸ ಅಲ್ಲ. ನಾವು ಮೀನಿನವರು. ಕೆಡುವುದಕ್ಕೆಲ್ಲ ನಮ್ಮಲ್ಲಿ ಐಸೇ ಮದ್ದು. ಮೀನಿಗೆ ಐಸು, ಉಳುಕಿದ ಕಾಲಿಗೆ ಐಸು, ಜ್ವರ ಬಂದ ಹಣೆಗೆ ಐಸು. ಬಿಸಿಯಾದ ಟೆಂಪೊಗೆ ಅವನು ಐಸಿಟ್ಟು ಗೋಣಿ ಮುಚ್ಚಿದ, ಬಂಗುಡೆಗೆ ಮುಚ್ಚಿದ ಹಾಗೆ. ನಾನು ಡ್ರೈವರಾಗಿದ್ದರೆ ನಾನೂ ಹಾಗೇ ಮಾಡುತ್ತಿದ್ದೆನೋ ಏನೋ. ಬಾಟಲಿಗೆ ಎಂದು ಸುಳ್ಳು ಹೇಳಿದ್ದು ನನ್ನ ಬೈಗುಳಕ್ಕೆ ಹೆದರಿ ಇರಬಹುದು. ಅದನ್ನೂ ಬಿಟ್ಟೆ. ಆದರೆ ನಾನು ಕೈ ಮುಗಿದಾಗ ಟಯರು ನೋಡುತ್ತಾ ನಿಂತದ್ದಕ್ಕೆ ಯಾವ ಕಾರಣವೂ ಸಿಗಲಿಲ್ಲ. ಹುಡುಕುತ್ತಾ ಹುಡುಕುತ್ತಾ ಕೋಟೇಶ್ವರ ಬಂತು.

ಸಂಜೆ ಅವನು ಅಂಗಳದಲ್ಲಿ ಟೆಂಪೊ ತೊಳೆಯುತ್ತಿದ್ದ. ಸೊಸೆ ಮೆಟ್ಟಿಲಿನ ಮೇಲೆ ಕೂತು ಮಗಳ ಜಡೆ ಹೆಣೆಯುತ್ತಿದ್ದಳು. ಬ್ರಹ್ಮಾವರಕ್ಕೆ ಹೋಗಿದ್ದೆ, ಮೆಕ್ಯಾನಿಕ್ ಎಲ್ಲ ಹೇಳಿದ ಎಂದೆ. ಅವನು ನೀರಿನ ಪೈಪು ಕೆಳಗಿಟ್ಟ, ನಲ್ಲಿ ನಿಲ್ಲಿಸಲಿಲ್ಲ. ಸೊಸೆಯ ಕೈ ಜಡೆಯಲ್ಲಿ ನಿಂತಿತು. ಅವಳಿಗೂ ಗೊತ್ತಿತ್ತು ಎನ್ನುವುದಕ್ಕೆ ನನಗೆ ಅಷ್ಟು ಸಾಕಾಯಿತು. ಅವಳು ಮಗುವನ್ನು ಎಬ್ಬಿಸಿಕೊಂಡು ಒಳಗೆ ಹೋದಳು.

ಅವನು ಇಲ್ಲ ಎನ್ನಲಿಲ್ಲ. ಎನ್ನುತ್ತಾನೆ ಎಂದು ಕಾದಿದ್ದೆ. ಸುಳ್ಳನ್ನಾದರೂ ಹೇಳಿದ್ದರೆ ಜಗಳ ಮಾಡಬಹುದಿತ್ತು. ಸಮಾಧಾನವಾಗಿ, ನನಗೆ ಬುದ್ಧಿ ಹೇಳುವವನ ಹಾಗೆ ಮಾತಾಡಿದ.

“ನನ್ ಐಸಿಂದ ಆಯ್ತ್ ಅಂದಿರೆ ಅವ್ರ್ ಅವತ್ತೇ ಬೇರೆ ಗಾಡಿ ಹಿಡೀತಿದ್ರ್ ಅಬ್ಬಿ. ಯಾರ್ದಾರೂ ಒಬ್ರ್ದ್ ಹೆಸ್ರ್ ಹೇಳ್ಕಿತ್ತ್. ನೀನಾರೆ ಮನಿಯವಳ್. ನೀ ಎಲ್ಲಿಗ್ ಹೋತೆ?”

ಕೆರಾಡಿಯನ್ನು ಅತ್ತಿಗೆಗೆ ಕೊಟ್ಟದ್ದೂ ಅದಕ್ಕೇ, ಅವಳು ಟೆಂಪೊ ಬಿಟ್ಟು ಹೋಗದಿರಲಿ ಎಂದು. ಕೇಳಿದೆ, ಒಪ್ಪಿಕೊಂಡ. ಹೆತ್ತ ಮಗ ಹಾಗೆ ಮಾಡಿದ, ಹೀಗೆ ಮಾಡಿದ ಎಂದು ಬರೆದು ಅಳುವ ಉಮೇದು ನನಗಿಲ್ಲ. ಅವನು ತನ್ನ ಸುತ್ತ ಇದ್ದವರನ್ನೆಲ್ಲ ನೋಡಿ, ಯಾರನ್ನು ತುಳಿದರೆ ಗದ್ದಲ ಆಗುವುದಿಲ್ಲ ಎಂದು ಯೋಚಿಸಿ, ನನ್ನನ್ನು ಆರಿಸಿದ್ದ. ಹೊರಗಿನವಳಾಗಿದ್ದರೆ ನನಗೆ ಹೆದರುತ್ತಿದ್ದ. ತಾಯಿಯಾದದ್ದಕ್ಕೆ ಹೆದರಲಿಲ್ಲ.

ಅವರಿಬ್ಬರಿಗೆ ನಿಜ ಹೇಳು, ನಾಳೆಯೇ ಹೇಳು ಎಂದೆ. ಅದಕ್ಕೆ ಅವನು ನಾಳೆಯಿಂದ ನೀನು ಬಾ, ಮುಂದಿನ ಸೀಟಿನಲ್ಲೇ ಕೂತುಕೋ, ಬುಟ್ಟಿಯನ್ನೂ ಇಟ್ಟುಕೋ, ಪೆಟ್ಟಿಗೆಯೂ ಇದೆಯಲ್ಲ ಅಂದ. ನಾನು ಕೇಳಿದ್ದು ಅದಲ್ಲ ಎಂದೆ. ಮುಗಿದು ಹೋದದ್ದನ್ನು ಈಗ ಎಬ್ಬಿಸಿ ಏನು ಸಿಗುತ್ತದೆ ಅಂದ. ನಲ್ಲಿಯ ನೀರು ಅಂಗಳದಲ್ಲಿ ಹರಿದು ತೆಂಗಿನ ಬುಡಕ್ಕೆ ಹೋಗುತ್ತಿತ್ತು. ನಾನು ಹೋಗಿ ನಲ್ಲಿ ನಿಲ್ಲಿಸಿ ಒಳಗೆ ಬಂದೆ. ಸೊಸೆ ಊಟಕ್ಕೆ ಕರೆದಳು, ಹೋಗಿ ಉಂಡೆ. ಅವರ ಮೇಲಿನ ಸಿಟ್ಟಿಗೆ ನನ್ನ ಹೊಟ್ಟೆ ಎಂತ ಮಾಡಿತ್ತು?

ಮರುದಿನ ಬೆಳಗ್ಗೆ ಅವನು ಎದ್ದು ಟೆಂಪೊ ಚಾಲೂ ಮಾಡುವ ಮೊದಲೇ ನಾನು ಕೇರಿಯ ಕಡೆಯ ಮನೆಗೆ ಹೋದೆ. ಅಲ್ಲಿನವನ ಹತ್ತಿರ ಒಂದು ಗೂಡ್ಸ್ ರಿಕ್ಷಾ ಇದೆ. ತೆಂಗಿನಕಾಯಿ ಸಾಗಿಸುತ್ತಾನೆ. ಅದಕ್ಕೆ ಟರ್ಬೊವೂ ಇಲ್ಲ, ಕೂಲರೂ ಇಲ್ಲ, ಶಬ್ದ ಒಂದಿದೆ. ಗಂಗೊಳ್ಳಿಗೆ, ಅಲ್ಲಿಂದ ಕೆರಾಡಿಗೆ, ಇವತ್ತಿಂದ ದಿನಾ ಎಂದೆ. ಅವನು ಮಗನ ಟೆಂಪೊ ಹಾಳಾಯಿತೇ ಎಂದು ಕೇಳಿದ. ಇಲ್ಲ, ಚೆನ್ನಾಗಿ ಓಡುತ್ತಿದೆ ಎಂದೆ.

ಬಂದರಿನಲ್ಲಿ ಕಾಣೆ, ನಂಗು, ಒಂದಿಷ್ಟು ಶೆಟ್ಲಿ ತೆಗೆದುಕೊಂಡು ಹೊಸ ಪೆಟ್ಟಿಗೆಗೆ ತುಂಬಿದೆ. ಅತ್ತಿಗೆ ನಾದಿನಿ ಟೆಂಪೊದ ಹತ್ತಿರ ಕ್ರೇಟು ಎತ್ತಿಸುತ್ತಿದ್ದರು. ಮಗ ಮುಂದಿನ ಬಾಗಿಲು ತೆರೆದು ಸೀಟು ಒರೆಸುತ್ತಿದ್ದ. ನಾನು ಅವನನ್ನು ದಾಟಿ ಆ ಇಬ್ಬರ ಎದುರು ನಿಂತೆ.

“ಸೋಣೆಯಗೆ ನಾ ನಿಮ್ಗೆ ಕೈ ಮುಗ್ದಿದ್ದೆ ಅಲ್ದಾ, ಅದನ್ನ್ ನಾ ವಾಪಸ್ ತಕಂತೆ. ತಪ್ಪ್ ನಂದಲ್ಲ. ಯಾರ್ದ್ ಅಂದ್ ಇವ್ನತ್ರ ಕೇಣಿ.”

ಇಬ್ಬರೂ ತಿರುಗಿ ಅವನನ್ನು ನೋಡಿದರು. ಅವನು ಏನು ಹೇಳಿದ ಎಂದು ನನಗೆ ಗೊತ್ತಿಲ್ಲ, ನಾನು ನಿಲ್ಲಲಿಲ್ಲ. ಗೂಡ್ಸ್ ರಿಕ್ಷಾ ವಂಡ್ಸೆಯಲ್ಲೂ ಚಿತ್ತೂರಿನಲ್ಲೂ ನಿಲ್ಲದೆ ನೇರ ಹೋಯಿತು. ಕೆರಾಡಿಯ ಮೊದಲ ಮನೆಯ ಅಂಗಳದಲ್ಲಿ ಇಳಿದಾಗ ಮುದುಕನ ಸೊಸೆ ಹೊರಗೆ ಬಂದು, ಇಷ್ಟು ದಿನ ಹುಷಾರಿರಲಿಲ್ಲವೇ ಎಂದು ಕೇಳಿದಳು. ಹುಷಾರಾಗಿಯೇ ಇದ್ದೆ ಎಂದು ಹೇಳಿ, ಪೆಟ್ಟಿಗೆ ತೆರೆದು ಅವರಿಗೆ ಕಾಣೆ 
ತೂಗಿಕೊಟ್ಟೆ.